ಮಾಳಪ್ಪ ಮಲಗಿದ ಬೇಸಿಗೆ

ನಿನ್ನೆಯಿಂದ ಹಿಗ್ಗಿಗೆ ನನ್ನ ಬಾಯಿ ಮುಚ್ಚುತ್ತಿಲ್ಲ. "ಅಪ್ಪಾ, ಹಲ್ಲಂತೂ ಇಲ್ಲ, ನೊಣಾನರೆ ಹೊಕ್ಕಾವು, ಬಾಯಿ ಮುಚ್ಚಿಕೋ" ಎಂದು ಮಗಳು ಲಕ್ಕವ್ವ ಬೈದಳು. ಬೈಯಲಿ. ಅವಳ ಮಗ ಸಿದ್ದುವಿಗೆ ಹೆಣ್ಣು ಕೂಸು ಹುಟ್ಟಿದೆ. ಬಿಳೂರಿನ ಬೀಗರ ಮನೆಯಲ್ಲಿ, ಅವನ ಹೆಂಡತಿಯ ತವರಿನಲ್ಲಿ, ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಅದು ನನ್ನ ಹೆಬ್ಬೆರಳು ಹಿಡಿದುಕೊಂಡಿತು, ಬಿಡಲೇ ಒಲ್ಲದು.

"ಕೂಸು ನಿಮ್ಮ ಮೀಸಿಗಿ ಅಂಜಂಗೇ ಇಲ್ಲ ನೋಡ್ರಿ" ಎಂದು ಬೀಗಿತ್ತಿ ನಕ್ಕರು.

"ಯಾಕ ಅಂಜತೈತ್ರಿ? ಕುರಿ ಕಾಯೋರ ಮನಿ ಕೂಸು. ತೋಳ ಬಂದ್ರೂ ಅಂಜಂಗಿಲ್ಲ" ಎಂದೆ.

ಮೊಮ್ಮಗನ ಮಗಳನ್ನು ನೋಡುವ ತನಕ ನಾನು ಬದುಕಿದ್ದೇನೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಎದುರಿಗೆ ಬಂದವರಿಗೆಲ್ಲ ಪೇಢೆ ಕೊಟ್ಟೆ. ಗುರುತಿಲ್ಲದವರಿಗೂ ಕೊಟ್ಟೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಒಬ್ಬ ಹೆಣ್ಣುಮಗಳು "ಏನ್ ವಿಶೇಷ್ರಿ ಅಜ್ಜಾರ?" ಎಂದಳು. ಹೇಳಬೇಕೆಂದು ಬಾಯಿ ತೆರೆದೆ. ಆಗ ರಸ್ತೆ ಪಕ್ಕದ ಬೇದಾಣಿ ಶೆಡ್ಡಿನಿಂದ ಗಂಧಕದ ಹೊಗೆ ತೇಲಿ ಬಂತು. ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ನಮ್ಮ ಕಡೆ ಶೆಡ್ಡಿಗೆ ಪರದೆ ಇಳಿಬಿಟ್ಟು ಒಳಗೆ ಗಂಧಕ ಸುಡುತ್ತಾರೆ. ಗಂಟಲಿಗೆ ಹತ್ತುವ ಆ ವಾಸನೆ ನನ್ನ ಇನ್ನೊಬ್ಬ ಮೊಮ್ಮಗ ಮಾಳಪ್ಪನ ಅಂಗಿಯ ವಾಸನೆ. ಪೇಢೆಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ರಸ್ತೆಯ ಮೇಲೆ ನಿಂತು ಅತ್ತೆ. ಆ ಹೆಣ್ಣುಮಗಳು ಗಾಬರಿಯಾಗಿ ಎಮ್ಮೆಯನ್ನೇ ಮರೆತಳು.

ನಾನು ಕನ್ನಡ ಸಾಲೆಯಲ್ಲಿ ಮೂರನೇ ಇಯತ್ತೆಗೆ ಬಿಟ್ಟವನು. ಬರೆದರೆ ಅಕ್ಷರ ಕುರಿಗಳ ಹಾಗೆ ದಾರಿ ಬಿಟ್ಟು ಹೋಗುತ್ತವೆ. ಆದರೂ ಆ ಒಂದು ಬೇಸಿಗೆಯನ್ನು ಬರೆದಿಡದೆ ಈ ಕೂಸಿನ ಸುಖವನ್ನು ಪೂರ್ತಿ ಉಣ್ಣಲು ನನಗೆ ಆಗುತ್ತಿಲ್ಲ.

ಗಡಿ ದಾಟಿ ಜತ್ತಿನ ಸೀಮೆಯಲ್ಲಿ, ಮಾಡಗ್ಯಾಳದ ಆಚೆ, ಹೊಲದಲ್ಲೇ ನಮ್ಮ ವಸ್ತಿ; ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಗಿಣಿಮೂಗಿನ ಕುರಿಗಳು, ಒಂದಿಷ್ಟು ಒಣ ಹೊಲ. ಮಾಳಪ್ಪ ನನ್ನ ಮಗನ ಮಗ, ಸಿದ್ದು ಡಫಳಾಪುರಕ್ಕೆ ಕೊಟ್ಟ ಮಗಳ ಮಗ. ಇಬ್ಬರೂ ಒಂದೇ ವಾರಿಗೆಯವರು. ಸಿದ್ದು ರಜೆ ಬಂದರೆ ನಮ್ಮ ವಸ್ತಿಯಲ್ಲೇ ಇರುತ್ತಿದ್ದ. ಮಾಳಪ್ಪನ ತಾಯಿ, ನನ್ನ ಸೊಸೆ ಸುಂದ್ರವ್ವ, ಇಬ್ಬರಿಗೂ ಒಂದೇ ಬುಟ್ಟಿಯ ರೊಟ್ಟಿ ಹಾಕಿ ದೊಡ್ಡವರನ್ನಾಗಿ ಮಾಡಿದಳು. ದೊಡ್ಡವರಾದ ಮೇಲೆ ಮಾಳಪ್ಪ ಬೇದಾಣಿ ಶೆಡ್ಡಿನಲ್ಲಿ ದುಡಿಯಲು ಹೋದ. ಸಿದ್ದು ಅದೇ ಶೆಡ್ಡಿಗೆ ದ್ರಾಕ್ಷಿ ತರುವ ಪಿಕಪ್ ಗಾಡಿ ಹೊಡೆಯುತ್ತಿದ್ದ.

ದ್ರಾಕ್ಷಿಯ ಕ್ರೇಟ್ ಇಳಿಸುವಾಗ ಮಾಳಪ್ಪ ಗಾಡಿಯ ಮೇಲಿಂದ ಬೆನ್ನು ಕೆಳಗಾಗಿ ಬಿದ್ದ. ಎಲುಬು ಮುರಿದಿರಲಿಲ್ಲ, ಆದರೆ ಬ್ಯಾನಿ ಹೋಗಲಿಲ್ಲ. ಡಾಕ್ಟರು ಬರೆದುಕೊಟ್ಟ ಗುಳಿಗೆ ಮುಗಿಯಿತು. ಆಮೇಲೆ ಮೋಟಾರ್ ಸೈಕಲ್ ಮೇಲೆ ಶೆಡ್ಡಿನಿಂದ ಶೆಡ್ಡಿಗೆ ತಿರುಗುವ ಒಬ್ಬನಿಂದ ಬ್ಯಾರೆ ಗುಳಿಗೆ ಬಂದವು. ನುಂಗಿದರೆ ಬ್ಯಾನಿಯೂ ಇಲ್ಲ, ದಣಿವೂ ಇಲ್ಲ, ಹಗಲು ರಾತ್ರಿ ದುಡಿದರೂ ಮೈ ಹೂವು. ನುಂಗದಿದ್ದರೆ ಮೂಗು ಸೋರುವುದು, ಕೈಕಾಲು ಸೆಳೆಯುವುದು, ಬೆವರು. ಅವನಿಗೆ ಥಂಡಿ ಜ್ವರ ಎಂದು ಸುಂದ್ರವ್ವ ತಿಳಿದಳು, ಶುಂಠಿ ಕಷಾಯ ಕುದಿಸಿ ಕೊಡುತ್ತಿದ್ದಳು. ಅವು ಅಫೀಮಿನ ವಂಶದ ಗುಳಿಗೆಗಳು ಎಂದು ನಮಗೆ ಯಾರು ಹೇಳಬೇಕು? ಕಾಯದೆಯ ಗುಳಿಗೆ, ಡಾಕ್ಟರ ಚೀಟಿ ಇಲ್ಲದೆ ಇಟ್ಟುಕೊಂಡರೆ ಜೇಲು ಎಂಬುದನ್ನೂ ಯಾರೂ ಹೇಳಲಿಲ್ಲ.

ಆ ವರ್ಷ ಶಿವರಾತ್ರಿಯ ಸುಮಾರಿಗೆ ಒಂದು ಮಧ್ಯಾಹ್ನ ಸಿದ್ದು ಸೊಂಟ ಹಿಡಿದುಕೊಂಡು ಶೆಡ್ಡಿಗೆ ಬಂದ. ಮಾಳಪ್ಪ ತನ್ನ ಪಾಕೀಟಿನಿಂದ ಗುಳಿಗೆ ಕೊಟ್ಟ. ಪ್ರೀತಿಯಿಂದ ಕೊಟ್ಟ, ತಂಬಾಕು ಕೊಟ್ಟ ಹಾಗೆ. ಸಿದ್ದುವಿನ ಮೈಗೆ ರೂಢಿ ಇರಲಿಲ್ಲ, ಮೇಲೆ ಸೆರೆಯನ್ನೂ ಕುಡಿದಿದ್ದ. ಗಾಡಿಯ ಮಗ್ಗುಲಲ್ಲಿ ಕುಸಿದು ಬಿದ್ದ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಶೆಡ್ಡಿನವರು ನೀರು ಚಿಮುಕಿಸುತ್ತ ನಿಂತರು. ಮಾಳಪ್ಪ ನಿಲ್ಲಲಿಲ್ಲ. ಆ ಬ್ಯಾನಿಯ ಬೆನ್ನಿನ ಮೇಲೆಯೇ ಸಿದ್ದುವನ್ನು ಹೊತ್ತು ಗಾಡಿಗೆ ಹಾಕಿದ, ಹಾರ್ನ್ ಒತ್ತಿದ ಕೈ ತೆಗೆಯದೆ ದವಾಖಾನೆಯ ಬಾಗಿಲಿಗೆ ತಂದ.

ಅಲ್ಲಿದ್ದ ಡಾಕ್ಟರ್ ಒಬ್ಬರು ಹೆಣ್ಣುಮಗಳು, ಚಿಕ್ಕ ವಯಸ್ಸು. "ಏನು ತಗೊಂಡಾನ? ಖರೇ ಹೇಳು, ಲಗೂನ ಹೇಳು" ಎಂದರಂತೆ.

ಮಾಳಪ್ಪ ಪಾಕೀಟಿನಿಂದ ಗುಳಿಗೆಯ ಪಟ್ಟಿ ತೆಗೆದು ಅವರ ಕೈಯಲ್ಲಿ ಇಟ್ಟ. "ಇದ ನೋಡ್ರಿ ಬಾಯಾರ. ನಾನ ಕೊಟ್ಟೀನ್ರಿ. ನನ್ನ ಬೈರಿ, ಬಡೀರಿ, ಖರೇ ಇವನ್ನ ಉಳಸ್ರಿ."

ಅವರು ಒಂದು ಇಂಜೆಕ್ಷನ್ ಕೊಟ್ಟರು. ನಾನು, ಸುಂದ್ರವ್ವ, ಲಕ್ಕವ್ವ ಅಲ್ಲಿಗೆ ಹೋಗಿ ಮುಟ್ಟುವುದರೊಳಗೆ ಸಿದ್ದು ಕಣ್ಣು ಬಿಟ್ಟಿದ್ದ. ಸತ್ತವನ ಹಾಗೆ ಬಂದವನು ಎದ್ದು ಕುಂತು ಕೇಳಿದ ಮೊದಲ ಮಾತು: "ನನ್ನ ಗಾಡಿ ಯಾರ ಹೊಡದ್ರು? ಕ್ಲಚ್ ಸುಟ್ಟೀರೇನು?" ನಾವೆಲ್ಲ ಅಳುತ್ತ ನಕ್ಕೆವು. ಮಾಳಪ್ಪ ಅವನ ತಲೆಗೆ ಒಂದು ಕೊಟ್ಟ. "ಮಗನ, ನಿನ್ನ ಕ್ಲಚ್ ಹೋಗಿತ್ತು ಮದ್ಲ!"

ಆ ನಗು ಇನ್ನೂ ಮುಗಿದಿರಲಿಲ್ಲ, ಪೊಲೀಸರು ಬಂದರು. ವಿಷದ ಕೇಸು ಬಂದರೆ ದವಾಖಾನೆಯವರು ತಿಳಿಸಲೇಬೇಕಂತೆ. ಡಾಕ್ಟರ್ ಬಾಯಾರು ಕಾಯದೆಯ ಪ್ರಕಾರ ತಿಳಿಸಿದ್ದರು, ಅವರದು ತಪ್ಪೆಂದು ನಾನು ಅನ್ನುವುದಿಲ್ಲ. ಉಳಿದ ಗುಳಿಗೆ ಯಾರ ಪಾಕೀಟಿನಲ್ಲಿದ್ದವು ಎಂದು ಪೊಲೀಸರು ಕೇಳಿದರು. ಮಾಳಪ್ಪ ಅವರಿಗೂ ಖರೇ ಹೇಳಿದ. ಯಾರಿಗೆ ಕೊಟ್ಟೆ ಎಂದು ಕೇಳಿದರು, ಅದನ್ನೂ ಹೇಳಿದ. ಕೊಟ್ಟವನು ಎಂದರೆ ಮಾರಿದವನು ಎಂದು ಬರೆದುಕೊಂಡರು. ಮೋಟಾರ್ ಸೈಕಲ್ಲಿನವನು ಯಾರಿಗೂ ಸಿಗಲಿಲ್ಲ. ಸಿಕ್ಕವನು ತಾನಾಗಿ ದವಾಖಾನೆಗೆ ಬಂದ ನನ್ನ ಮೊಮ್ಮಗ. ಅವನ ಕೈ ಹಿಡಿದು ಜೀಪಿಗೆ ಹತ್ತಿಸುವುದನ್ನು ಸಿದ್ದು ಕಾಟಿನ ಮೇಲೆ ಕುಂತು ಕಿಟಕಿಯಿಂದ ನೋಡಿದ. ಆಗ ಅವನ ಎದೆಯಲ್ಲಿ ಏನು ಕುಂತಿತು ಎಂಬುದು ನನಗೆ ಆಮೇಲೆ ತಿಳಿಯಿತು.

ಠಾಣೆಗೆ ಹೋದೆ. ಫೌಜದಾರರು ಕೆಟ್ಟವರಾಗಿರಲಿಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಮರಾಠಿಯಲ್ಲೇ ಮಾತಾಡಿದೆವು. "ಆಜೋಬಾ, ಇವತ್ತು ನಿಮ್ಮ ಮೊಮ್ಮಗನನ್ನು ಬಿಟ್ಟರೆ ನಾಳೆ ಸಾಲೆಯ ಹುಡುಗರ ಕೈಗೆ ಈ ಗುಳಿಗೆ ಬರುತ್ತವೆ. ಹೆದರಿಕೆ ಬೇಕು" ಎಂದರು. ಆ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಸಾಲೆಯ ಹುಡುಗರು ನಮ್ಮವರೇ ಅಲ್ಲವೆ? "ಹೆದರಿಕಿ ಹಾಕ್ರಿ ಸಾಹೇಬ್ರ. ಖರೇ ಅವನಿಗೆ ಬೆನ್ನ ಬ್ಯಾನಿ ಐತಿ, ಅದಕ್ಕ ಔಷಧ ಯಾರು ಕೊಡ್ತಾರ?" ಎಂದು ಕೇಳಿದೆ. ಅವರು ಮುಂದಿನ ಕಾಗದಕ್ಕೆ ಸಹಿ ಹಾಕತೊಡಗಿದರು. ಚಹಾ ಆರಿತು.

ಯುಗಾದಿ ಕಳೆದ ಮೇಲೆ ಜಾಮೀನು ಸಿಕ್ಕಿ ಮಾಳಪ್ಪ ಹೊರಗೆ ಬಂದ. ಉಣ್ಣೆ ಕತ್ತರಿಸಿದ ಕುರಿಯ ಹಾಗೆ ಸಣ್ಣಗಾಗಿದ್ದ. ಒಳಗೆ ಗುಳಿಗೆ ಇಲ್ಲದೆ ಮೊದಲ ದಿನಗಳು ಹೇಗೆ ಹೋದವು ಎಂದು ನನಗೊಬ್ಬನಿಗೇ ಹೇಳಿದ. "ಮುತ್ಯಾ, ಎಲುಬಿನ್ಯಾಗ ಇರುವಿ ಹರದಂಗ ಆಗತಿತ್ತು. ಫರಸಿ ನೆಲಕ್ಕ ತಲಿ ಬಡಕೊಂಡೆ. ನಾಟಕ ಮಾಡಬ್ಯಾಡಲೇ ಅಂದ್ರು." ಇನ್ನು ಮುಟ್ಟುವುದಿಲ್ಲ ಎಂದು ನಮ್ಮ ದೇವರು ಮಾಳಿಂಗರಾಯನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ. ಮನಸ್ಸಿನಿಂದಲೇ ಮಾಡಿದ.

ಆದರೆ ಬೆನ್ನು ಆಣೆ ಮಾಡಿರಲಿಲ್ಲ. ಶೆಡ್ಡಿನ ಮಾಲಕರು "ಜೇಲಿಗಿ ಹೋಗಿ ಬಂದಾವ, ಬ್ಯಾಡಪಾ" ಎಂದು ಕೈ ಮುಗಿದರು. ಚಹಾದ ಅಂಗಡಿಯಲ್ಲಿ ಅವನು ಕುಂತರೆ ಮಗ್ಗುಲಿದ್ದವರು ಏಳುತ್ತಿದ್ದರು. ನನ್ನ ಮಗ ದೊಡ್ಡ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದ, ಈದ ಕುರಿ ಮತ್ತು ಮರಿಗಳು ಮನೆಯ ಹೊಲದಲ್ಲಿದ್ದವು. "ಬಾರೋ, ರಾತ್ರಿ ಹಟ್ಟಿ ಕಾಯಿ. ಕುರಿ ಯಾರ ಜಾಮೀನೂ ಕೇಳಂಗಿಲ್ಲ" ಎಂದೆ. ಎಷ್ಟೋ ದಿನದ ಮೇಲೆ ಅವನು ನಕ್ಕ.

ಕುರಿ ಕಾಯುವವರಲ್ಲಿ ಒಂದು ರೀತಿ ಉಂಟು. ರಾತ್ರಿ ಹಟ್ಟಿ ಕಾದು ಬಂದವನನ್ನು ಹಗಲು ಎಬ್ಬಿಸಬಾರದು. ಬೀಗರು ಬರಲಿ, ಮಳೆ ಬರಲಿ, ಅವನು ತಾನಾಗಿ ಏಳಬೇಕು. ನಿದ್ದೆಗೆಟ್ಟವನ ಕಣ್ಣು ಮರುರಾತ್ರಿ ಮುಚ್ಚಿದರೆ ತೋಳಕ್ಕೆ ಹಬ್ಬ. ಅದಕ್ಕೆ ಅವನು ಮಲಗಿದ ಕಡೆ ಹೆಂಗಸರು ಒರಳು ಕುಟ್ಟುವುದಿಲ್ಲ, ಮಕ್ಕಳು ದಾಟಿ ಹೋಗುವುದಿಲ್ಲ. ನನ್ನ ಅಪ್ಪನನ್ನು ಹಾಗೆ ಮಲಗಿಸಿದರು, ನನ್ನನ್ನು ಹಾಗೆ ಮಲಗಿಸಿದರು.

ಅವತ್ತು ಬೆಳಗಾಗುತ್ತಲೇ ಮಾಳಪ್ಪ ಹಟ್ಟಿಯಿಂದ ಬಂದ. ಮರಿಗಳನ್ನು ಎಣಿಸಿ ನನಗೆ ಒಪ್ಪಿಸಿದ, ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಮಲಗಿದ. ನಾನು ಕುರಿ ಬಿಟ್ಟುಕೊಂಡು ಹೋದೆ. ಮುಂದಿನದನ್ನು ಸುಂದ್ರವ್ವ ಎಷ್ಟೋ ಸಲ ಹೇಳಿದ್ದಾಳೆ, ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ.

ಹೊತ್ತೇರಿದಂತೆ ಅವನು ಗೊರಕೆ ಹೊಡೆಯತೊಡಗಿದ. ಗಂಟಲಲ್ಲಿ ನೀರು ಗುಳುಗುಳು ಎಂದ ಹಾಗೆ, ದೊಡ್ಡ ಗೊರಕೆ. ಅವಳಿಗೆ ಸುಖವೆನಿಸಿತು. ಜೇಲಿನಿಂದ ಬಂದ ಮೇಲೆ ಮಗ ಒಂದು ದಿನವೂ ಕಣ್ತುಂಬ ಮಲಗಿರಲಿಲ್ಲ. ಕೋಳಿಗಳನ್ನು ಅಂಗಳದಿಂದ ಓಡಿಸಿದಳು. ರೊಟ್ಟಿ ಬಡಿದರೆ ಸಪ್ಪಳವಾದೀತೆಂದು ಒಲೆಯನ್ನೇ ಹೂಡಲಿಲ್ಲ, ನಿನ್ನೆಯ ರೊಟ್ಟಿ ಸಾಕೆಂದಳು.

ಸಿದ್ದು ಬಂದ. ಬಾಗಿಲಲ್ಲೇ ನಿಂತ. ಆ ಗೊರಕೆ ಕೇಳಿ ಅವನ ಮುಖ ಬಿಳುಪಾಯಿತು. ಅವನಿಗೆ ಗೊತ್ತಿತ್ತು. ಹಿಂದಿನ ದಿನ ಮಾಳಪ್ಪ ಬೆನ್ನು ತಡೆಯಲಾರದೆ ಹಳೆಯ ಗುಳಿಗೆ ತರಿಸಿಕೊಂಡಿದ್ದು ಅವನ ಕೈಯಿಂದಲೇ.

"ಅತ್ತಿ, ಎಬ್ಬಸಲೇನು?"

"ಹಚ್ಚು ನೋಡೂನು ಕೈ! ರಾತ್ರಿಯೆಲ್ಲ ಹಟ್ಟಿ ಕಾಯ್ದಾನ ನನ್ನ ಮಗಾ. ಕುಂದ್ರು, ಮಜ್ಜಗಿ ಕುಡಿ."

"ಅಲ್ಲ ಅತ್ತಿ... ಗೊರಕಿ ಭಾಳ ಐತಿ."

"ನಿನಗೇನ್ ಆಗೇತಿ ಅವನ ಗೊರಕಿಯಿಂದ? ನಿನ್ನ ಸಲುವಾಗಿ ಜೇಲಿನ್ಯಾಗ ನಿದ್ದಿಗೆಟ್ಟಾನ. ಈಗರೆ ಮಲಗಲಿ ಬಿಡು."

ಸಿದ್ದು ಮಜ್ಜಿಗೆ ಮುಟ್ಟಲಿಲ್ಲ. ಹೊರಗೆ ಹೋದ, ಪಿಕಪ್ ಗಾಡಿ ಹತ್ತಿದ, ಇಳಿದ. ಮತ್ತೆ ಬಾಗಿಲಿಗೆ ಬಂದ. ದವಾಖಾನೆ ಎಂದರೆ ಜೀಪು. ಗುಳಿಗೆ ಯಾರು ತಂದು ಕೊಟ್ಟರು ಎಂದರೆ ತನ್ನ ಹೆಸರು. ಜಾಮೀನಿನ ಮೇಲಿದ್ದವನು ಮತ್ತೆ ಗುಳಿಗೆ ತಿಂದ ಎಂದರೆ ಮಾಳಪ್ಪನನ್ನೂ ತಿರುಗಿ ಒಯ್ಯುತ್ತಾರೆ. ತನ್ನನ್ನು ಹೊತ್ತು ತಂದವನಿಗೆ ಏನಾಯಿತು ಎಂಬುದನ್ನು ಅವನು ಕಾಟಿನ ಮೇಲೆ ಕುಂತು ನೋಡಿದ್ದ. ಎದ್ದೇ ಏಳುತ್ತಾನೆ, ನಾನೂ ಎದ್ದಿದ್ದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋದ. ಹಾದಿಯಲ್ಲಿ ಗಾಡಿ ತಿರುಗಿಸಿ ಬಂದನಂತೆ. ಅಷ್ಟರಲ್ಲಿ ಗೊರಕೆ ನಿಂತಿತ್ತು.

"ನೋಡು, ಈಗ ನಿವಾಂತ ಮಲಗ್ಯಾನ" ಎಂದಳು ಸುಂದ್ರವ್ವ.

ಸಿದ್ದು ಒಳಗೆ ನುಗ್ಗಿ ಅವನನ್ನು ಅಲುಗಿಸಿದ, ಉಸಿರು ಇರಲಿಲ್ಲ; ಇಬ್ಬರೂ ಅವನನ್ನು ಗಾಡಿಗೆ ಹಾಕಿ ಒಯ್ದರು. ಸುದ್ದಿ ಕೇಳಿ ನಾನೂ ಕುರಿ ಬಿಟ್ಟು ಹಿಂದೆಯೇ ಹೋದೆ. ಅದೇ ದವಾಖಾನೆ, ಅದೇ ಬಾಯಾರು. ಅವರು ಬಹಳ ಹೊತ್ತು ಎದೆ ಒತ್ತಿದರು, ಬೆವರು ಅವರ ಮೂಗಿನಿಂದ ಮಾಳಪ್ಪನ ಅಂಗಿಯ ಮೇಲೆ ಬೀಳುತ್ತಿತ್ತು. ಆಮೇಲೆ ನನ್ನ ಹತ್ತಿರ ಬಂದು ನೆಲದ ಮೇಲೆಯೇ ಕುಂತರು. "ಅಜ್ಜಾರ, ಮೊದಲ ತಗೊಂತಿದ್ದಷ್ಟ ತಗೊಂಡಾನ. ಜೇಲಿನ್ಯಾಗ ಇದ್ದಾಗ ಮೈ ಗುಳಿಗಿ ಮರತಿತ್ತು. ಬ್ಯಾನಿ ಮರತಿರಲಿಲ್ಲ. ಹೊರಗ ಬಂದವ್ರಿಗೆ ಇದನ್ನ ಯಾರೂ ಹೇಳೂದಿಲ್ಲ. ಗೊರಕಿ ಹೊಡಿಯೂ ಹೊತ್ತಿನ್ಯಾಗ ತಂದಿದ್ರ ನನ್ನ ಹತ್ತರ ಇಂಜೆಕ್ಷನ್ ಇತ್ತು."

ಇತ್ತು ಎಂದರು. ಅದೇ ಕಪಾಟಿನಲ್ಲಿ ಇತ್ತು.

ಕೃಷ್ಣೆಯ ದಂಡೆಯಿಂದ ನನ್ನ ಮಗ ಬಂದ; ಮಣ್ಣು ಕೊಟ್ಟು ಬಂದ ಮೇಲೆ ಸಿದ್ದು ಎಲ್ಲರೆದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಲಕ್ಕವ್ವ ಅವನ ಬಾಯಿ ಮುಚ್ಚಲು ಓಡಿದಳು. ಸುಂದ್ರವ್ವ ಎದ್ದು ಬಂದು ಅವನಿಗೆ ಹೊಡೆದಳು. ಕೈ ಸೋಲುವ ತನಕ ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಗೊತ್ತಾಯಿತು, ಮೊದಲ ಸಲ ಸತ್ತು ಬದುಕಿದ ಮೇಲೆಯೂ ಅವನು ಗುಳಿಗೆ ಬಿಟ್ಟಿರಲಿಲ್ಲ. ಆ ಹೊತ್ತಿಗೂ ಅವನ ಮೂಗು ಸೋರುತ್ತಿತ್ತು, ಮೈ ಬೆವರುತ್ತಿತ್ತು.

ಊರವರು ಗುಡಿಯ ಮುಂದೆ ಕೂಡಿದರು. ಯಾರ ಹತ್ತಿರ ಗುಳಿಗೆ ಸಿಕ್ಕರೂ ಅವರನ್ನು ಕಟ್ಟಿ ಠಾಣೆಗೆ ಒಪ್ಪಿಸಬೇಕು, ಸಿದ್ದುವಿನಿಂದಲೇ ಸುರು ಆಗಲಿ ಎಂದರು. ಪೊಲೀಸರೂ ಬಂದರು. ಈ ಸಲ ಕೇಸು ನಿಲ್ಲುವುದು ಒಬ್ಬರ ಮಾತಿನ ಮೇಲೆ. ಸಿದ್ದುವೇ ಗುಳಿಗೆ ತಂದುಕೊಟ್ಟ, ನೋಡುತ್ತ ನೋಡುತ್ತ ಬಿಟ್ಟು ಹೋದ ಎಂದು ತಾಯಿ ಬರೆಸಿಕೊಟ್ಟರೆ ಅವನ ಹರೆಯವೆಲ್ಲ ಜೇಲಿನಲ್ಲೇ. ಜತ್ತಿನ ಒಬ್ಬ ವಕೀಲರು ನನಗೆ ಇನ್ನೊಂದು ಮಾತನ್ನೂ ಹೇಳಿದ್ದರು. ಚಟಕ್ಕೆ ಬಿದ್ದವನು ತಾನಾಗಿ ಔಷಧೋಪಚಾರಕ್ಕೆ ಹೋದರೆ ಅವನಿಗೊಂದು ಬಾಗಿಲು ಕಾಯದೆಯಲ್ಲೇ ಇದೆ, ಆದರೆ ಆ ಬಾಗಿಲಿಗೆ ಕರೆದುಕೊಂಡು ಹೋಗುವವರು ಇರುವುದಿಲ್ಲ ಎಂದು.

ನಾನು ಸುಂದ್ರವ್ವನ ಮುಂದೆ ಹೇಗೆ ಬಾಯಿ ಬಿಡಲಿ? ಸತ್ತವನೂ ನನ್ನವನು, ಉಳಿದವನೂ ನನ್ನವನು. ಅವಳಿಗೆ ಇದ್ದವನು ಒಬ್ಬನೇ. ರಾತ್ರಿ ಊಟ ಬಿಟ್ಟೆ, ಹಗಲು ಹಟ್ಟಿಯಲ್ಲಿ ಕುಂತೆ. ಅವಳನ್ನು ಏನೂ ಕೇಳಿಕೊಳ್ಳಲಿಲ್ಲ.

ಫೌಜದಾರರು ಅಂಗಳದಲ್ಲಿ ಕುಂತು "ಹೇಳಿ ತಾಯಿ, ಹುಡುಗನಿಗೆ ಬುದ್ಧಿ ಬರಲಿ" ಎಂದರು. ಕಂಬಕ್ಕೆ ಒರಗಿ ಸಿದ್ದು ನಿಂತಿದ್ದ. ಸುಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಮಗಗ ಬುದ್ಧಿ ಬರಲಿ ಅಂತ ಒಯ್ದಿದ್ರಿ ಸಾಹೇಬ್ರ. ಬಂತೇನ್ರಿ?"

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಇವ ಅಂಜಿ ಸುಮ್ಮನಾದ. ಅಂಜಿಕಿ ಹಾಕಿದವ್ರು ಯಾರು? ನಾ ಇವನ ಮಾರಿ ನೋಡಂಗಿಲ್ಲ, ಸಾಯೂತನಕ ನೋಡಂಗಿಲ್ಲ. ಖರೇ ಇವನ್ನೂ ಒಯ್ದು, ಒಣಗಿಸಿ, ಮತ್ತ ಹೊರಗ ಬಿಟ್ರ ಇವನೂ ಹಂಗ ಮಲಗ್ತಾನ. ಆ ಗೊರಕಿ ನನ್ನ ನಾದಿನಿ ಲಕ್ಕವ್ವ ಕೇಳೂದು ಬ್ಯಾಡ. ನಾ ಏನೂ ಬರಸಂಗಿಲ್ಲ. ಮುತ್ಯಾಗ ಹೇಳ್ರಿ, ದವಾಖಾನಿಗಿ ಒಯ್ಯಲಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎದೆ ಬಡಿದುಕೊಳ್ಳುವ ಸಪ್ಪಳ ಹೊರಗೆ ಕೇಳುತ್ತಿತ್ತು. ಫೌಜದಾರರು ಏನೂ ಬರೆಯದ ಕಾಗದ ಮಡಚಿಕೊಂಡು ಹೋದರು, ನಾನು ಸಿದ್ದುವನ್ನು ದವಾಖಾನೆಗೆ ಒಯ್ದೆ.

ಶಹರದ ದವಾಖಾನೆಯಲ್ಲಿ ನಾಲಿಗೆಯ ಕೆಳಗೆ ಇಡುವ ಒಂದು ಗುಳಿಗೆ ಕೊಡುತ್ತಾರೆ. ಕರಗುವ ತನಕ ಎದುರಿಗೇ ಕೂಡಿಸಿಕೊಳ್ಳುತ್ತಾರೆ. ಅದರಿಂದ ಮೈಯ ಸೆಳೆತ ನಿಲ್ಲುತ್ತದೆ, ಹಳೆಯ ಗುಳಿಗೆಯ ಹಂಬಲ ಇಳಿಯುತ್ತದೆ. "ಗುಳಿಗಿ ಬಿಡಸಾಕ ಗುಳಿಗಿಯಂತ! ಸೆರಿ ಬಿಡಸಾಕ ಬ್ರಾಂಡಿ ಕೊಡ್ತಾರೇನು?" ಎಂದು ಊರು ನಕ್ಕಿತು. ನಾನೂ ಮೊದಲು ಹಾಗೇ ಅಂದಿದ್ದೆ. ಸುರುವಿಗೆ ದಿನವೂ ಹೋಗಬೇಕಿತ್ತು. ಕುರಿಯನ್ನು ಪಾಲಿಗೆ ಕೊಟ್ಟು ಅವನ ಸಂಗಡ ಎಸ್ಟಿ ಬಸ್ಸು ಹತ್ತಿದೆ. "ಏನ್ ಮುತ್ಯಾ, ಮೊಮ್ಮಗನ್ನ ಸಾಲಿಗಿ ಬಿಡಾಕ ಹೊಂಟೇನು? ಪಾಟಿ ಎಲ್ಲಿ?" ಎಂದು ಕಂಡಕ್ಟರ್ ಕೆಣಕುತ್ತಿದ್ದ. "ಪಾಟಿ ಅವಂದು, ಛಡಿ ನಂದು, ನೀ ತಿಕೀಟು ಹರಿ" ಎನ್ನುತ್ತಿದ್ದೆ. ಕಿಟಕಿಯ ಕಡೆ ಮುಖ ಮಾಡಿ ಸಿದ್ದು ಸಪ್ಪಳಿಲ್ಲದೆ ಅಳುತ್ತಿದ್ದ. ನಾನು ಅವನ ಮೊಣಕಾಲ ಮೇಲೆ ಕೈ ಇಟ್ಟಿರುತ್ತಿದ್ದೆ. ಮಾಳಪ್ಪನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಹೀಗೆ ಒಂದು ದಿನವೂ ಹೋಗಲಿಲ್ಲವಲ್ಲ ಎಂದು ಪ್ರತಿ ಊರು ದಾಟುವಾಗಲೂ ಅನಿಸುತ್ತಿತ್ತು. ಆ ದವಾಖಾನೆ ಆಗಲೂ ಅಲ್ಲೇ ಇತ್ತು. ಎಸ್ಟಿಯೂ ಇತ್ತು.

ಅಡ್ಡಮಳೆ ಬಿದ್ದಾಗ ಆ ಬೇಸಿಗೆ ಮುಗಿಯಿತು. ಸಿದ್ದು ಒಮ್ಮೆ ಜಾರಿದ, ಮತ್ತೆ ಎದ್ದ. ನಾಲಿಗೆಯ ಕೆಳಗಿನ ಔಷಧ ಇವತ್ತಿಗೂ ನಡೆದಿದೆ. ಮತ್ತೆ ಗಾಡಿ ಹೊಡೆದ, ಮದುವೆಯಾದ. ಮದುವೆಗೆ ಸುಂದ್ರವ್ವ ಹೋಗಲಿಲ್ಲ. ಅವನು ವಸ್ತಿಗೆ ಬಂದರೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು. ಇಷ್ಟು ವರ್ಷ ಒಂದು ಅಕ್ಷರ ಮಾತಿಲ್ಲ.

ನಿನ್ನೆ ಅತ್ತ ಕಣ್ಣಿನಲ್ಲೇ ಮನೆಗೆ ಬಂದು ಉಳಿದ ಪೇಢೆಯನ್ನು ಅವಳ ಮುಂದೆ ಇಟ್ಟೆ. "ಹೆಣ್ಣು" ಎಂದೆ. ಅವಳು ಡಬ್ಬಿಯನ್ನು ನೋಡಲಿಲ್ಲ. ಇವತ್ತು ಬೆಳಗ್ಗೆ ನೋಡಿದರೆ ಹಸಿರು ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾ ಕೂಸಿನ ಸಲುವಾಗಿ ಹೊಂಟೇನಿ, ಮತ್ತ ಅವನ ಸಲುವಾಗಿ ಅಂತ ತಿಳೀಬ್ಯಾಡ್ರಿ" ಎಂದಳು. ತಿಳಿಯುವುದಿಲ್ಲವ್ವಾ ಎಂದೆ. ಬಸ್ಸಿನಲ್ಲಿ ನನ್ನ ಬಾಯಿ ಮತ್ತೆ ತೆರೆದುಕೊಂಡಿತು.

ಬಿಳೂರಿನ ಮನೆಯಲ್ಲಿ ಅವಳನ್ನು ನೋಡಿ ಎಲ್ಲರೂ ಎದ್ದು ನಿಂತರು. ಲಕ್ಕವ್ವ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಸುಂದ್ರವ್ವ ನೆಲಕ್ಕೆ ಕುಂತು ಎರಡೂ ಕೈ ಚಾಚಿದಳು, ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಸಿದ್ದು ಹೊರಗಿನಿಂದ ಬಂದವನು ಹೊಸ್ತಿಲ ಆಚೆಯೇ ನಿಂತುಬಿಟ್ಟ. ಒಳಗೆ ಬರಲಿಲ್ಲ, ತಿರುಗಿಯೂ ಹೋಗಲಿಲ್ಲ.

ಕೂಸಿನ ಮೇಲಿನ ಕಣ್ಣು ತೆಗೆಯದೆ ಸುಂದ್ರವ್ವ ಕೇಳಿದಳು:

"ಇವತ್ತಿನ ಔಷಧ ತಗೊಂಡಿ?"

"ತಗೊಂಡೇನಿ ಅತ್ತಿ."

"ನಾಳಿಂದು ಐತೇನು?"

"ಐತಿ."

"ಹಂಗಾರ ಒಳಗ ಬಾ" ಎಂದಳು.